ನಿಮಗಿದು ಗೊತ್ತೇ? ಒಂದೇ ಗುಳಿಗೆ, ನೂರು ಮೈ

‘ಆ ಗುಳಿಗೆ ನನ್ನ ಮೈಗೆ ಒಗ್ಗಲ್ಲ ಕಣಪ್ಪಾ’ ಎಂದು ಅಜ್ಜಿ ತಲೆಯಾಡಿಸಿದರೆ ಮನೆಮಂದಿ ನಗುತ್ತಾರೆ. ಪಕ್ಕದ ಮನೆಯವರಿಗೆ ಒಗ್ಗಿದ್ದು ನಿನಗೇಕೆ ಒಗ್ಗದು ಎಂಬ ವಾದ ಬೇರೆ. ವಿಜ್ಞಾನ ಮಾತ್ರ ಅಜ್ಜಿಯ ಪರ. ಔಷಧವಾಗಲಿ, ವಿಷವಾಗಲಿ, ಒಳಗೆ ಹೋದದ್ದನ್ನು ಒಡೆದು ಹೊರಹಾಕುವ ಬಗೆ ಮೈಯಿಂದ ಮೈಗೆ ಬೇರೆ. ಎಷ್ಟು ಬೇರೆ? ಓದಿ ನೋಡಿ.

ಕಾಫಿ ಲೋಟದಿಂದ ಶುರು

● ಕುಡಿದ ಕಾಫಿಯಲ್ಲಿನ ಕೆಫೀನ್ ಅರ್ಧಕ್ಕೆ ಇಳಿಯಲು ದೊಡ್ಡವರ ಮೈಗೆ ಸುಮಾರು 5 ಗಂಟೆ ಬೇಕು. ತುಂಬು ಗರ್ಭಿಣಿಗೆ ಸುಮಾರು 15 ಗಂಟೆ. ಆಗತಾನೆ ಹುಟ್ಟಿದ ಕೂಸಿಗೆ ಮೂರು ದಿನವೂ ಸಾಲದು! ಕೆಫೀನನ್ನು ಒಡೆಯುವ ಕಿಣ್ವ ಕೂಸಿನ ಲಿವರ್‌ನಲ್ಲಿ ಇನ್ನೂ ಕೆಲಸಕ್ಕೇ ಬಂದಿರುವುದಿಲ್ಲ.

● ಬೀಡಿ, ಸಿಗರೇಟು ಸೇದುವವರ ಮೈ ಕೆಫೀನನ್ನು ಹೆಚ್ಚುಕಡಿಮೆ ಎರಡು ಪಟ್ಟು ವೇಗದಲ್ಲಿ ಕರಗಿಸುತ್ತದೆ. ಹೊಗೆಯಲ್ಲಿರುವ ರಾಸಾಯನಿಕಗಳು ಅದೇ ಕಿಣ್ವವನ್ನು ಹೆಚ್ಚಿಸುತ್ತವೆ. ಸೇದುವುದನ್ನು ಬಿಟ್ಟ ಮೇಲೆ, ಮೊದಲಿನಷ್ಟೇ ಕಾಫಿ ಕುಡಿದರೂ ಎದೆ ಢವಢವ ಎನ್ನುವುದು ಇದಕ್ಕೇ. ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಕೂಡ ಇದೇ ದಾರಿಯಲ್ಲಿ ಕರಗುವಂಥವು. ರೋಗಿ ಸಿಗರೇಟು ಬಿಟ್ಟರೆ ವೈದ್ಯರು ಇವುಗಳ ಪ್ರಮಾಣ ಇಳಿಸಬೇಕಾಗುತ್ತದೆ.

● ಕೆಂಡದ ಮೇಲೆ ಸುಟ್ಟ ಮಾಂಸವನ್ನು ದಿನವೂ ತಿಂದರೂ ಈ ಕಿಣ್ವ ಏರುತ್ತದೆ.

● 1989ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೆನಡಾದ ಡೇವಿಡ್ ಬೈಲಿ ಮತ್ತು ಸಂಗಡಿಗರು ಫೆಲೋಡಿಪಿನ್ ಎಂಬ ಬಿಪಿ ಗುಳಿಗೆಯ ಜೊತೆ ಮದ್ಯ ಸೇರಿದರೆ ಏನಾಗುತ್ತದೆಂದು ಪರೀಕ್ಷಿಸುತ್ತಿದ್ದರು. ಮದ್ಯದ ರುಚಿ ಮರೆಮಾಚಲು ಗ್ರೇಪ್‌ಫ್ರೂಟ್ ರಸ ಬೆರೆಸಿದರು (ಹೆಸರಿನಲ್ಲಿ ದ್ರಾಕ್ಷಿ ಇದ್ದರೂ ಇದು ನಿಂಬೆಯ ಬಳಗದ ಹಣ್ಣು). ರಕ್ತದಲ್ಲಿ ಔಷಧ ಹಲವು ಪಟ್ಟು ಏರಿತು. ಮದ್ಯ ನಿರಪರಾಧಿ, ಹಣ್ಣಿನ ರಸವೇ ಕಳ್ಳ! ಕರುಳಿನ ಗೋಡೆಯಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನು ಆ ರಸ ಕೆಡಿಸುತ್ತದೆ. ಒಂದು ಲೋಟದ ಪರಿಣಾಮ ಮಾರನೆಯ ದಿನಕ್ಕೂ ಉಳಿದೀತು.

● ಗ್ರೇಪ್‌ಫ್ರೂಟ್ ಹುಟ್ಟಿದ್ದು ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ಕಿಣ್ವ ಕೆಡಿಸುವ ಗುಣ ಚಕ್ಕೋತದಲ್ಲೂ ಉಂಟು. ದೇವನಹಳ್ಳಿ ಚಕ್ಕೋತ ಪ್ರಿಯರು ಕೊಲೆಸ್ಟರಾಲ್ ಅಥವಾ ಬಿಪಿ ಗುಳಿಗೆ ನುಂಗುತ್ತಿದ್ದರೆ ವೈದ್ಯರನ್ನು ಒಂದು ಮಾತು ಕೇಳುವುದು ಲೇಸು.

ಲಿವರ್ ಎಂಬ ಕಾರ್ಖಾನೆ

● ಔಷಧಗಳನ್ನು ಒಡೆಯುವ ಕಿಣ್ವಗಳಲ್ಲಿ ‘ಸೈಟೋಕ್ರೋಮ್ ಪಿ450’ ಕುಟುಂಬದ್ದೇ ದೊಡ್ಡ ಕೈ. ಮನುಷ್ಯನಲ್ಲಿ ಇದರ 57 ಜೀನ್‌ಗಳಿವೆ. 450 ಎಂಬುದು ಸಂಖ್ಯೆಯ ಕ್ರಮವಲ್ಲ. ಕಾರ್ಬನ್ ಮೊನಾಕ್ಸೈಡ್ ಅಂಟಿಕೊಂಡಾಗ ಇದು ಹೀರುವ ಬೆಳಕಿನ ಅಲೆಯುದ್ದ 450 ನ್ಯಾನೋಮೀಟರ್.

● 1975ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ವೈದ್ಯಕೀಯ ಶಾಲೆಯಲ್ಲಿ ರಾಬರ್ಟ್ ಸ್ಮಿತ್ ಮತ್ತು ಸಹೋದ್ಯೋಗಿಗಳು ಡೆಬ್ರಿಸೋಕ್ವಿನ್ ಎಂಬ ಬಿಪಿ ಔಷಧವನ್ನು ತಾವೇ ನುಂಗಿ ನೋಡಿದರು. ಉಳಿದವರೆಲ್ಲ ಆರಾಮಾಗಿದ್ದರು. ಸ್ಮಿತ್‌ಗೆ ಮಾತ್ರ ರಕ್ತದೊತ್ತಡ ಕುಸಿದು ಎದ್ದು ನಿಲ್ಲಲಾಗಲಿಲ್ಲ. ಮೂತ್ರ ಪರೀಕ್ಷಿಸಿದರೆ, ಉಳಿದವರ ಮೈ ಒಡೆದುಹಾಕಿದ್ದ ಔಷಧ ಸ್ಮಿತ್ ಮೈಯಲ್ಲಿ ಇದ್ದಂತೆಯೇ ಇತ್ತು. ಇಂಥವರು ಯುರೋಪಿನಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿ. ಕೆಲಸ ತಪ್ಪಿಸಿದ ಆ ಕಿಣ್ವವೇ ಇಂದಿನ ‘ಸಿವೈಪಿ2ಡಿ6’. ಬಳಕೆಯಲ್ಲಿರುವ ಔಷಧಗಳಲ್ಲಿ ಸುಮಾರು ಕಾಲುಭಾಗ ಇದರ ಕೈ ದಾಟಿಯೇ ಹೋಗಬೇಕು.

● ನೋವಿಗೆ, ಕೆಮ್ಮಿಗೆ ಕೊಡುವ ಕೋಡೀನ್ ತಾನಾಗಿ ದುರ್ಬಲ. ಇದೇ 2ಡಿ6 ಅದರ ಒಂದು ಪಾಲನ್ನು ಮಾರ್ಫಿನ್ ಮಾಡಿದರೆ ಮಾತ್ರ ನೋವು ತಗ್ಗುತ್ತದೆ. ಕಿಣ್ವ ಇಲ್ಲದವರಿಗೆ ಕೋಡೀನ್ ಬರೀ ದಂಡ. ಜೀನ್‌ನ ಪ್ರತಿ ಹೆಚ್ಚಿಗೆ ಇರುವವರಲ್ಲಿ ಮಾರ್ಫಿನ್ ಉಕ್ಕಿ ಉಸಿರಿಗೇ ಸಂಚಕಾರ. ಟಾನ್ಸಿಲ್ ಆಪರೇಷನ್ ಆದ ಕೆಲವು ಮಕ್ಕಳು ಹೀಗೆ ತೀರಿಕೊಂಡ ಮೇಲೆ, 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಂಥ ಮಕ್ಕಳಿಗೆ ಕೋಡೀನ್ ಕೊಡಬಾರದೆಂದು ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿತು.

● ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ನುಂಗುವ ಕ್ಲೋಪಿಡೋಗ್ರೆಲ್‌ದೂ ಇದೇ ಕಥೆ, ಕಿಣ್ವ ಮಾತ್ರ ಬೇರೆ: ಸಿವೈಪಿ2ಸಿ19. ಅದು ಕೆಲಸ ಮಾಡದಿದ್ದರೆ ಗುಳಿಗೆ ಚುರುಕಾಗದು, ರಕ್ತ ಹೆಪ್ಪುಗಟ್ಟುವುದು ತಪ್ಪದು. ಇಂಥವರು ಯುರೋಪಿಗಿಂತ ಏಷ್ಯಾದಲ್ಲಿ ಹೆಚ್ಚು. ಹಾಗೆಂದು ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ, ಅದು ಇನ್ನೂ ಅಪಾಯ.

● ಕ್ಷಯಕ್ಕೆ ಕೊಡುವ ಐಸೋನಯಜಿಡ್ ಕೆಲವರ ರಕ್ತದಲ್ಲಿ ಸುಮಾರು ಒಂದು ಗಂಟೆಗೆ ಅರ್ಧವಾದರೆ, ಇನ್ನು ಕೆಲವರಲ್ಲಿ ಮೂರು ಗಂಟೆ ಹಿಡಿಯುತ್ತದೆ. ಜಪಾನೀಯರಲ್ಲಿ ಬಹುಪಾಲು ಮಂದಿ ವೇಗದವರು, ಭಾರತೀಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ನಿಧಾನದವರು. ನಿಧಾನದವರಿಗೆ ಕೈಕಾಲು ಜೋಮು ಹಿಡಿಯುವ ಸಂಭವ ಜಾಸ್ತಿ. ಅದನ್ನು ತಡೆಯಲೆಂದೇ ಜೊತೆಗೆ ವಿಟಮಿನ್ ಬಿ6 ಕೊಡುವುದು.

● ಒಂದು ಗುಟುಕು ಮದ್ಯಕ್ಕೇ ಮುಖ ಕೆಂಪಾಗುವವರು ಚೀನಾ, ಜಪಾನ್, ಕೊರಿಯಾಗಳಲ್ಲಿ ಸುಮಾರು ಮೂವರಲ್ಲೊಬ್ಬರು. ಮದ್ಯ ಒಡೆದು ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವನ್ನು ತೊಳೆಯುವ ಕಿಣ್ವ ಅವರಲ್ಲಿ ಕುಂಟುತ್ತದೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಗುಳಿಗೆ ಮಾಡುವುದೂ ಇದನ್ನೇ, ಆ ಕಿಣ್ವದ ಕೈ ಕಟ್ಟುವುದು.

● ಎಲ್ಲ ಕೆಲಸವೂ ಲಿವರ್‌ದಲ್ಲ. ಹೃದಯದ ಔಷಧ ಡಿಜಾಕ್ಸಿನನ್ನು ಕೆಲವರ ಕರುಳಿನ ಬ್ಯಾಕ್ಟೀರಿಯಾಗಳೇ ಕೆಡಿಸಿಬಿಡುತ್ತವೆ. 1989ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಇದು ನ್ಯೂಯಾರ್ಕಿನವರಲ್ಲಿ ಸುಮಾರು ಮೂವರಲ್ಲೊಬ್ಬರಿಗೆ, ದಕ್ಷಿಣ ಭಾರತದವರಲ್ಲಿ ಸುಮಾರು ಏಳರಲ್ಲೊಬ್ಬರಿಗೆ ಆಗುತ್ತಿತ್ತು. ಊರಿಗೊಂದು ನೀರು, ಹೊಟ್ಟೆಗೊಂದು ಜೀವಲೋಕ!

ಗೊತ್ತಿದ್ದರೆ ಜೀವ ಉಳಿಯುತ್ತದೆ

● ಆಪರೇಷನ್ನಿಗೆ ಮುಂಚೆ ಉಸಿರುನಳಿಕೆ ತೂರಿಸಲು ಸ್ನಾಯುಗಳನ್ನು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಕೊಡುವುದುಂಟು. ಕೆಲವೇ ನಿಮಿಷದಲ್ಲಿ ರಕ್ತದಲ್ಲಿನ ಕಿಣ್ವವೊಂದು ಅದನ್ನು ಒಡೆದುಹಾಕುತ್ತದೆ. ಆ ಕಿಣ್ವ ಇಲ್ಲದವರು ಗಂಟೆಗಟ್ಟಲೆ ಸ್ವಂತವಾಗಿ ಉಸಿರಾಡಲಾರರು. ಅಷ್ಟು ಹೊತ್ತೂ ವೆಂಟಿಲೇಟರ್ ಬೇಕು. ಈ ಕೊರತೆ ಕರ್ನಾಟಕದಲ್ಲೂ ನೆಲೆಸಿರುವ ಆರ್ಯವೈಶ್ಯ ಸಮುದಾಯದಲ್ಲಿ ಉಳಿದವರಿಗಿಂತ ಹೆಚ್ಚಾಗಿ ಕಂಡುಬಂದಿದೆ. ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿ. ಬೇರೆ ಔಷಧ ಬಳಸಿದರೆ ಆಯಿತು.

● ರೈತರ ಮೈಗೆ ಆರ್ಗನೋಫಾಸ್ಫೇಟ್ ಕೀಟನಾಶಕ ಎಷ್ಟು ತಾಗಿದೆ ಎಂದು ಅಳೆಯುವುದೂ ಇದೇ ಕಿಣ್ವದಿಂದ. ವಿಷ ತಾಗಿದರೆ ಕಿಣ್ವದ ಮಟ್ಟ ಇಳಿಯುತ್ತದೆ. ಆದರೆ ಹುಟ್ಟಿನಿಂದಲೇ ಅದು ಕಡಿಮೆ ಇದ್ದವರೂ ಇದ್ದಾರಲ್ಲ? ಹಾಗಾಗಿ ಕೀಟನಾಶಕ ಸಿಂಪಡಿಸುವ ಮುನ್ನ ಒಮ್ಮೆ, ಆಮೇಲೊಮ್ಮೆ ಅಳೆದು, ಒಬ್ಬರ ಅಂಕಿಯನ್ನು ಅವರದೇ ಅಂಕಿಯ ಜೊತೆ ಹೋಲಿಸುವುದೇ ಸರಿಯಾದ ಕ್ರಮ.

● ಮಲೇರಿಯಾಗೆ ಕೊಡುವ ಪ್ರೈಮಾಕ್ವಿನ್ ಕೆಲವರ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯೇ ಕಾರಣವೆಂದು 1956ರಲ್ಲಿ ತಿಳಿಯಿತು. ಪ್ರಪಂಚದಲ್ಲಿ ಸುಮಾರು 40 ಕೋಟಿ ಜನರಿಗೆ ಈ ಕೊರತೆ ಇದೆ. ಬಾಧೆ ಗಂಡಸರಿಗೇ ಹೆಚ್ಚು. ಇಂಥ ಕೂಸಿರುವ ಮನೆಯಲ್ಲಿ ಬಟ್ಟೆಗಳ ನಡುವೆ ನ್ಯಾಫ್ತಲೀನ್ ಗುಳಿಗೆ ಇಡುವುದೂ ಅಪಾಯ. ಆ ಬಟ್ಟೆ ಹೊದಿಸಿದರೆ ರಕ್ತಕಣ ಒಡೆದು ಕಾಮಾಲೆ ಬಂದೀತು.

● ಕೂಸೆಂದರೆ ಚಿಕ್ಕ ಗಾತ್ರದ ದೊಡ್ಡವರಲ್ಲ. 1959ರ ಹೊತ್ತಿಗೆ, ಕ್ಲೋರಾಂಫೆನಿಕಾಲ್ ಕೊಟ್ಟ ನವಜಾತ ಶಿಶುಗಳು ಬೂದುಬಣ್ಣಕ್ಕೆ ತಿರುಗಿ ಸಾಯುತ್ತಿದ್ದುದು ವೈದ್ಯರ ಗಮನಕ್ಕೆ ಬಂತು. ಆ ಔಷಧವನ್ನು ಹೊರಹಾಕುವ ಕಿಣ್ವ ಶಿಶುವಿನಲ್ಲಿ ಇನ್ನೂ ಬಲಿತಿರಲಿಲ್ಲ.

● ನಿದ್ದೆಗುಳಿಗೆ ಜೋಲ್ಪಿಡೆಮ್ ಹೆಂಗಸರ ಮೈಯಿಂದ ನಿಧಾನವಾಗಿ ಹೋಗುತ್ತದೆ. 2013ರಲ್ಲಿ ಎಫ್‌ಡಿಎ ಅವರ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಲು ಹೇಳಿತು. ಬೆಳಿಗ್ಗೆ ಕಾರು ಓಡಿಸುವಾಗಲೂ ಅಮಲು ಉಳಿದಿರುತ್ತಿತ್ತು.

● ಬೆಕ್ಕಿಗೆ ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಅದನ್ನು ಪಳಗಿಸುವ ಮುಖ್ಯ ಕಿಣ್ವವೇ ಬೆಕ್ಕಿನಲ್ಲಿ ಕೆಲಸ ಮಾಡದು. ನಮಗೆ ಮದ್ದು, ಅದಕ್ಕೆ ಸಾವು.

ಹತ್ತು ಹತ್ತಲಿ ನೂರು

● ‘ಅತಿಯಾದರೆ ಅಮೃತವೂ ವಿಷ’ ಎನ್ನುತ್ತದೆ ನಮ್ಮ ಗಾದೆ. ಪ್ರಮಾಣವೇ ವಿಷವನ್ನು ವಿಷವಾಗಿಸುವುದು ಎಂದು 16ನೇ ಶತಮಾನದಲ್ಲಿ ಸ್ವಿಸ್ ವೈದ್ಯ ಪ್ಯಾರಾಸೆಲ್ಸಸ್ ವಾದಿಸಿದ. ‘ಯಾರಿಗೆ ಅತಿ?’ ಎಂಬ ಪ್ರಶ್ನೆ ಇಬ್ಬರೂ ಬಿಟ್ಟುಹೋದದ್ದು.

● ಅದಕ್ಕೆ ಉತ್ತರವಾಗಿ 1954ರಲ್ಲಿ ಎಫ್‌ಡಿಎಯ ಲೇಮನ್ ಮತ್ತು ಫಿಟ್ಜ್‌ಹ್ಯೂ ಸರಳ ಲೆಕ್ಕ ಕೊಟ್ಟರು: ಪ್ರಾಣಿಗೆ ತೊಂದರೆ ಕೊಡದ ಪ್ರಮಾಣವನ್ನು 100ರಿಂದ ಭಾಗಿಸಿ. ಇಂದು ಆ ನೂರನ್ನು ಹೀಗೆ ಓದುತ್ತಾರೆ: ಇಲಿಗೂ ಮನುಷ್ಯನಿಗೂ ಇರುವ ವ್ಯತ್ಯಾಸಕ್ಕೆ 10, ಮನುಷ್ಯ ಮನುಷ್ಯರ ನಡುವಿನ ವ್ಯತ್ಯಾಸಕ್ಕೆ ಇನ್ನೊಂದು 10.

● 1990ರ ದಶಕದಲ್ಲಿ ಎರಡನೆಯ ಹತ್ತನ್ನೂ ಒಡೆದರು: 3.16 × 3.16. ಒಂದು ಪಾಲು, ರಾಸಾಯನಿಕ ಎಷ್ಟು ಹೊತ್ತು, ಎಷ್ಟು ಪ್ರಮಾಣದಲ್ಲಿ ಮೈಯಲ್ಲಿ ಉಳಿಯುತ್ತದೆ ಎಂಬುದಕ್ಕೆ. ಇನ್ನೊಂದು, ಉಳಿದದ್ದಕ್ಕೆ ಮೈ ಹೇಗೆ ಸ್ಪಂದಿಸುತ್ತದೆ ಎಂಬುದಕ್ಕೆ. ಸ್ಮಿತ್‌ರಂಥವರ ಲೆಕ್ಕಕ್ಕೆ ಬಂದರೆ ಮೊದಲನೆಯ 3.16 ಕೆಲವೊಮ್ಮೆ ಸಾಲದು.

● ಮಕ್ಕಳಿಗಾಗಿ ಇನ್ನೊಂದು ಹತ್ತು! ಆಹಾರದಲ್ಲಿ ಉಳಿಯುವ ಕೀಟನಾಶಕದ ಮಿತಿ ಗೊತ್ತುಮಾಡುವಾಗ, ಬೇಡವೆನ್ನಲು ಗಟ್ಟಿ ಪುರಾವೆ ಇಲ್ಲದಿದ್ದರೆ ಮತ್ತೆ 10ರಿಂದ ಭಾಗಿಸಬೇಕೆಂದು ಅಮೆರಿಕ 1996ರಲ್ಲಿ ಕಾನೂನನ್ನೇ ಮಾಡಿತು.

● ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ಭಾರತದ ಮಾನದಂಡ. ಇಂಥ ಮಿತಿಗಳ ಮೂಲ, ಬಾವಿನೀರಿನಲ್ಲಿ ಕಲಸಿದ ಹಾಲು ಕುಡಿದು ನೀಲಿಗಟ್ಟಿದ ಕೂಸುಗಳು. ಅಮೆರಿಕದ ಅಯೋವಾದಿಂದ 1945ರಲ್ಲಿ ಇದು ವರದಿಯಾಯಿತು. ಕುಡಿಯುವುದು ಊರೆಲ್ಲ, ಗೆರೆ ಎಳೆದದ್ದು ಬಾಟಲಿಹಾಲಿನ ಕೂಸಿನ ಅಳತೆಗೆ.

● ಅರ್ಜೆಂಟೀನಾದ ಆಂಡಿಸ್ ಬೆಟ್ಟದೂರು ಸಾನ್ ಆಂಟೋನಿಯೊ ದೆ ಲೋಸ್ ಕೋಬ್ರೆಸ್‌ನ ನೀರಿನಲ್ಲಿ ಆರ್ಸೆನಿಕ್ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ತಲೆತಲಾಂತರದಿಂದ ಅದನ್ನೇ ಕುಡಿದ ಜನರಲ್ಲಿ ಆರ್ಸೆನಿಕ್ಕನ್ನು ಬೇಗ ಹೊರದಬ್ಬುವ ಜೀನ್ ರೂಪ ಹೆಚ್ಚಾಗಿ ಕಂಡಿದೆ. ಆ ವರ ಎಲ್ಲರಿಗಿಲ್ಲ. ನಮ್ಮ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಬೆರೆತ ಅಂತರ್ಜಲ ಕುಡಿದವರ ಚರ್ಮವೇ ಕೆಟ್ಟಿತು.

● ಡಯಟ್ ಸೋಡಾದ ಸಿಹಿ, ಆಸ್ಪರ್ಟೇಮ್. ಪ್ರಾಣಿಗಳಿಗೆ ತೊಂದರೆ ಕೊಡದ ಪ್ರಮಾಣ, ದಿನಕ್ಕೆ ಮೈತೂಕದ ಕಿಲೋ ಒಂದಕ್ಕೆ 4000 ಮಿಲಿಗ್ರಾಂ. ನೂರರಿಂದ ಭಾಗಿಸಿದರೆ 40. ಅದೇ ಮನುಷ್ಯರ ದಿನದ ಮಿತಿ; 50 ಕಿಲೋ ತೂಕದವರಿಗೆ 2000 ಮಿಲಿಗ್ರಾಂ.

● ಆದರೆ ಅದೇ ಸೋಡಾದ ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ, ಫೀನೈಲ್‌ಕೀಟೋನೂರಿಯಾ ಇರುವವರಿಗೆ ಇದು ಸಲ್ಲದು ಎಂಬ ಸಾಲೂ ಇರುತ್ತದೆ. ಆಸ್ಪರ್ಟೇಮ್ ಒಡೆದು ಹುಟ್ಟುವ ಫೀನೈಲ್‌ಅಲನೈನನ್ನು ಅವರ ಲಿವರ್ ಕರಗಿಸಲಾರದು; ಅದು ಮಿದುಳಿಗೆ ಮುಳುವು. 1934ರಲ್ಲಿ ನಾರ್ವೆಯ ವೈದ್ಯ ಫೋಲಿಂಗ್ ಪತ್ತೆಮಾಡಿದ ಈ ಕಾಯಿಲೆ ಯುರೋಪಿನಲ್ಲಿ ಸುಮಾರು 10,000 ಮಕ್ಕಳಲ್ಲಿ ಒಬ್ಬರಿಗೆ. ನೂರರಿಂದ ಭಾಗಿಸಿದರೂ ಲೆಕ್ಕದೊಳಗೆ ಸೇರದ ಆ ಒಬ್ಬರಿಗಾಗಿ ಡಬ್ಬಿಯ ಮೇಲೆ ಒಂದು ಸಾಲು. ಅಜ್ಜಿಯ ಭಾಷೆಯಲ್ಲಿ ಹೇಳುವುದಾದರೆ, ‘ಇದು ಕೆಲವರ ಮೈಗೆ ಒಗ್ಗಲ್ಲ’.