ಸನ್‌ರೂಫ್, ಮೂನ್‌ರೂಫ್: ಏನು ವ್ಯತ್ಯಾಸ?

ಪ್ರಶ್ನೆ: ಕಾರಿನ ಸನ್‌ರೂಫ್‌ಗೂ ಮೂನ್‌ರೂಫ್‌ಗೂ ವ್ಯತ್ಯಾಸವೇನು? ಮಳೆಗಾಲದಲ್ಲಿ ಅದು ಸೋರುವುದಿಲ್ಲವೇ?

ಉತ್ತರ: ಸನ್‌ರೂಫ್ ಎಂದರೆ ಬಿಸಿಲು, ಗಾಳಿ ಬರಲೆಂದು ತೆರೆಯುವ ಚಾವಣಿ. ಹಿಂದಿನ ಕಾರುಗಳಲ್ಲಿ ಆ ಭಾಗ ತಗಡಿನದೋ ಮಡಚುವ ದಪ್ಪ ಬಟ್ಟೆಯದೋ ಆಗಿರುತ್ತಿತ್ತು. ಮುಚ್ಚಿದರೆ ಆಕಾಶ ಕಾಣುತ್ತಿರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಫೋರ್ಡ್ ಕಂಪನಿ ತನ್ನ ಲಿಂಕನ್ ಕಾರುಗಳಿಗೆ ಗಾಜಿನ ಜಾರು ಚಾವಣಿ ಕೊಟ್ಟು, ಮೂನ್‌ರೂಫ್ ಎಂಬ ಹೆಸರಿನಲ್ಲಿ ಮಾರಿತು. ಈಗ ನಮ್ಮ ಷೋರೂಮುಗಳಲ್ಲಿ ಸನ್‌ರೂಫ್ ಎಂದು ತೋರಿಸುವುದೆಲ್ಲ ಹೆಚ್ಚುಕಡಿಮೆ ಗಾಜಿನದೇ. ಹೆಸರಿಗೆ ತಲೆಕೆಡಿಸಿಕೊಳ್ಳಬೇಡಿ; ಅದು ತೆರೆಯುತ್ತದೆಯೇ, ಒಳಗೆ ಬಿಸಿಲು ತಡೆಯುವ ಪರದೆ ಇದೆಯೇ ಎಂದು ಕೇಳಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಆ ಪರದೆ ಬೇಕೇ ಬೇಕು.

ಇನ್ನು ಸೋರುವ ಮಾತು. ಗಾಜಿನ ಸುತ್ತಲಿನ ರಬ್ಬರ್ ಪಟ್ಟಿ ಎಲ್ಲ ನೀರನ್ನೂ ತಡೆಯುತ್ತದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಪಟ್ಟಿ ದಾಟಿ ಇಳಿದ ನೀರನ್ನು ಹಿಡಿಯಲು ಕೆಳಗೊಂದು ಕಿರುಕಾಲುವೆ ಇರುತ್ತದೆ. ಅದರ ಮೂಲೆಗಳಿಂದ ಸಣ್ಣ ಕೊಳವೆಗಳು ಕಾರಿನ ಕಂಬಗಳೊಳಗೆ ಇಳಿದು ನೀರನ್ನು ಹೊರಗೆ ಬಿಡುತ್ತವೆ. ಮರದ ಕೆಳಗೆ ನಿಲ್ಲಿಸುವ ಕಾರಿನಲ್ಲಿ ಎಲೆಚೂರು, ದೂಳು ಸೇರಿ ಈ ಕೊಳವೆ ಕಟ್ಟಿಕೊಂಡರೆ ನೀರು ಸೀಟಿನ ಮೇಲೇ ಬೀಳುತ್ತದೆ. ಮುಂಗಾರಿಗೆ ಮೊದಲೇ ಸ್ವಚ್ಛ ಮಾಡಿಸಿ.

ಒಂದು ಮಾತು ಮಾತ್ರ ಮರೆಯಬೇಡಿ: ಓಡುವ ಕಾರಿನ ಸನ್‌ರೂಫ್‌ನಲ್ಲಿ ಮಕ್ಕಳನ್ನು ನಿಲ್ಲಿಸಬೇಡಿ. ಗಟ್ಟಿಯಾಗಿ ಬ್ರೇಕ್ ಹಾಕಿದರೆ ಅವರನ್ನು ಹಿಡಿದಿಡುವಂಥದ್ದು ಅಲ್ಲಿ ಏನೂ ಇಲ್ಲ.