ಮನೆಯ ತಂಬೂರಿ ಮಾರುವ ಮುನ್ನ

ನಮ್ಮ ಉತ್ತರ ಕರ್ನಾಟಕದ ಹಳೆಯ ಮನೆಗಳ ಪಡಸಾಲೆಯಲ್ಲಿ ಗೂಟಕ್ಕೆ ತೂಗುಹಾಕಿದ ತಂಬೂರಿ, ಅಟ್ಟದ ಮೇಲೆ ಬಟ್ಟೆ ಸುತ್ತಿಟ್ಟ ಹಾರ್ಮೋನಿಯಂ ಪೆಟ್ಟಿಗೆ, ಒಂದು ಜೊತೆ ತಬಲಾ ಇರುವುದು ಅಪರೂಪವಲ್ಲ. ಸೋಮವಾರದ ಭಜನೆಗೂ ಶ್ರಾವಣ ಮಾಸದ ವಚನಗಾಯನಕ್ಕೂ ಒದಗಿದ ವಾದ್ಯಗಳಿವು. ಆಕಾಶವಾಣಿಯು ೧೯೪೦ರಿಂದ ೧೯೭೧ರವರೆಗೆ ಹಾರ್ಮೋನಿಯಮ್ಮನ್ನು ತನ್ನ ಅಂಗಳದಿಂದ ಹೊರಗಿಟ್ಟಿದ್ದಾಗಲೂ ನಮ್ಮ ಭಜನಾಮಂಡಳಿಗಳು ಅದರ ಕೈಬಿಡಲಿಲ್ಲ. ಆದರೆ ಹಾಡುವವರು ಹೋದ ಮೇಲೆ, ಮಕ್ಕಳು ಬೆಂಗಳೂರು ಪುಣೆಗಳಲ್ಲಿ ನೆಲೆ ನಿಂತ ಮೇಲೆ ಅವು ಮೂಕವಾಗಿ ಉಳಿಯುತ್ತವೆ. ಮನೆ ಪಾಲಾಗುವಾಗಲೋ ಕೆಡವಿ ಕಟ್ಟಿಸುವಾಗಲೋ ಇವುಗಳನ್ನೇನು ಮಾಡುವುದೆಂಬ ಪ್ರಶ್ನೆ ಏಳುತ್ತದೆ.

ಹಿಂದೆ ಇಂಥ ವಾದ್ಯ ಅದೇ ಊರಿನ ಇನ್ನೊಬ್ಬ ಹಾಡುಗಾರನ ಮನೆ ಸೇರುತ್ತಿತ್ತು. ಈಗ ಮೊಮ್ಮಗನು ಮೊಬೈಲಿನಲ್ಲಿ ನಾಲ್ಕು ಚಿತ್ರ ತೆಗೆದು, ಬೆಲೆ ಬರೆದು, ಅಂತರ್ಜಾಲದ ಮಾರುಕಟ್ಟೆಗೆ ಏರಿಸುತ್ತಾನೆ. ಇದರಲ್ಲಿ ತಪ್ಪೇನೂ ಇಲ್ಲ. ದೂರದೂರಿನ ವಿದ್ಯಾರ್ಥಿಗೂ ಒಂದು ಒಳ್ಳೆಯ ವಾದ್ಯ ಕಡಿಮೆ ಬೆಲೆಗೆ ದೊರೆಯಬಹುದು. ಆದರೆ ವಾದ್ಯವೆಂಬುದು ಕಣ್ಣಿನ ವಸ್ತುವಲ್ಲ, ಕಿವಿಯ ಮತ್ತು ಕೈಯ ವಸ್ತು. ಅದರ ಯೋಗ್ಯತೆ ಚಿತ್ರದಲ್ಲಿ ಕಾಣುವುದಿಲ್ಲ. ಕೊಳ್ಳುವವನು ನುಡಿಸಿ ನೋಡದೆ ಕೊಳ್ಳುವ, ಮಾರುವವನು ಕೊಳ್ಳುವವನ ಮುಖ ನೋಡದೆ ಮಾರುವ ಈ ಪದ್ಧತಿಯಲ್ಲಿ ಉಂಟಾಗುವ ಎಲ್ಲ ತೊಡಕುಗಳಿಗೂ ಮೂಲ ಅಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ.

ಮೊದಲು ಹಣದ ವಿಚಾರ. ಮಾರಾಟವೆಂದರೆ ಹಣ ಬರುವ ವ್ಯವಹಾರ, ಅದರಲ್ಲಿ ನಾವು ಕಳೆದುಕೊಳ್ಳುವುದೇನು ಎಂದು ಜನ ನಿಶ್ಚಿಂತೆಯಿಂದಿರುತ್ತಾರೆ. ಈ ನಿಶ್ಚಿಂತೆಯೇ ವಂಚಕರಿಗೆ ಬಂಡವಾಳ.

ನಮಗೆ ಪರಿಚಿತವಾದ ಒಂದು ಮನೆತನದಲ್ಲಿ ೨೦೨೩ರ ಮುಂಗಾರಿಗೆ ಮುನ್ನ ನಡೆದ ಸಂಗತಿಯನ್ನು ಹೇಳುತ್ತೇವೆ. ಮನೆಯ ಯಜಮಾನರು ತೀರಿಕೊಂಡು ವರುಷವಾಗಿತ್ತು. ಅವರ ಹಾರ್ಮೋನಿಯಮ್ಮಿಗೆ ಹನ್ನೆರಡು ಸಾವಿರ ರೂಪಾಯಿ ಬೆಲೆ ಬರೆದು ಮಗನು ಜಾಹೀರಾತು ಹಾಕಿದನು. ಅರ್ಧ ಗಂಟೆಯೊಳಗೆ ಕರೆ ಬಂತು. ತಾನು ಸೈನಿಕನೆಂದೂ, ಈಗ ಬೇರೆ ರಾಜ್ಯದಲ್ಲಿರುವೆನೆಂದೂ, ಹೊತ್ತೊಯ್ಯಲು ಸೈನ್ಯದ ವಾಹನವೇ ಬರುವುದೆಂದೂ ಹೇಳಿದ ಆ ಮನುಷ್ಯನು ಸಮವಸ್ತ್ರದ ಭಾವಚಿತ್ರವನ್ನೂ ಗುರುತಿನ ಚೀಟಿಯನ್ನೂ ಕಳುಹಿಸಿದನು. ಬೆಲೆಯಲ್ಲಿ ಒಂದು ರೂಪಾಯಿ ಚೌಕಾಶಿ ಮಾಡಲಿಲ್ಲ. ರೀಡು ಎಷ್ಟು ಸಾಲು, ತಿದಿ ಗಾಳಿ ಹಿಡಿಯುತ್ತದೆಯೇ ಎಂದು ಕೇಳಲೂ ಇಲ್ಲ. ಮೊದಲು ಐದು ರೂಪಾಯಿ ಕಳುಹಿಸಿ ನಂಬಿಕೆ ಹುಟ್ಟಿಸಿದನು. ಆಮೇಲೆ ಒಂದು ಕ್ಯೂಆರ್ ಚಿತ್ರವನ್ನು ಕಳುಹಿಸಿ, "ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ, ಹಣ ನಿಮ್ಮ ಖಾತೆಗೆ ಜಮೆಯಾಗುತ್ತದೆ, ನಮ್ಮ ಸೈನ್ಯದ ಲೆಕ್ಕದ ಪದ್ಧತಿ ಹೀಗೆಯೇ" ಎಂದನು. ತಾಯಿಯ ಹೆಸರಿನ ಖಾತೆ. ಮಗನು ಪಿನ್ ಒತ್ತಿದನು. ಹನ್ನೆರಡು ಸಾವಿರ ಬರಲಿಲ್ಲ, ಹೋಯಿತು. "ಏನೋ ದೋಷವಾಗಿದೆ, ಎರಡನ್ನೂ ಸೇರಿಸಿ ಕಳುಹಿಸುತ್ತೇನೆ" ಎಂದು ಇನ್ನೊಂದು ಚಿತ್ರ ಬಂತು. ಇನ್ನೊಮ್ಮೆ ಪಿನ್ ಒತ್ತಿದ್ದಾಯಿತು. ಆ ತಾಯಿ ಬೀಜ ಗೊಬ್ಬರಕ್ಕೆಂದು ಕೂಡಿಟ್ಟಿದ್ದ ಮೂವತ್ತಾರು ಸಾವಿರ ಹೀಗೆ ಹೋಯಿತು. ಹಾರ್ಮೋನಿಯಂ ಅಟ್ಟದ ಮೇಲೆಯೇ ಉಳಿಯಿತು.

ಸಮವಸ್ತ್ರದ ಮೇಲೆ ನಮ್ಮ ಜನರಿಗಿರುವ ಗೌರವವನ್ನೇ ಕಳ್ಳತನದ ಕೀಲಿಯನ್ನಾಗಿ ಮಾಡಿಕೊಂಡ ಈ ಬಗೆ ದೇಶದ ಎಲ್ಲ ಕಡೆಯೂ ನಡೆದಿದೆ. ಪೊಲೀಸರು ಇದರ ಬಗ್ಗೆ ಅನೇಕ ಸಲ ಎಚ್ಚರಿಕೆ ಕೊಟ್ಟಿದ್ದಾರೆ. ಆದ್ದರಿಂದ ಇದರ ಒಳಗುಟ್ಟನ್ನು ಮನೆಮಂದಿಯೆಲ್ಲ ಒಮ್ಮೆ ತಿಳಿದುಕೊಳ್ಳುವುದು ಒಳಿತು. ೨೦೧೬ರಲ್ಲಿ ಬಂದ ಯುಪಿಐ ಪದ್ಧತಿಯಲ್ಲಿ ಪಿನ್ ಎಂಬುದು ನಮ್ಮ ಖಾತೆಯಿಂದ ಹಣ ಹೊರಗೆ ಹೋಗಲು ನಾವು ಕೊಡುವ ಅಪ್ಪಣೆ. ಹಣ ಒಳಗೆ ಬರುವುದಕ್ಕೆ ಪಿನ್ ಬೇಡ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಡ. ನಮ್ಮ ಮೊಬೈಲ್ ಸಂಖ್ಯೆ ಅಥವಾ ಯುಪಿಐ ವಿಳಾಸ ಗೊತ್ತಿದ್ದರೆ ಸಾಕು. "ಹಣ ಪಡೆಯಲು ಪಿನ್ ಒತ್ತಿರಿ" ಎಂದು ಯಾರು ಹೇಳಿದರೂ, ಅವರು ಎಷ್ಟೇ ವಿನಯದಿಂದ ಹೇಳಿದರೂ, ಅಲ್ಲಿಗೆ ಮಾತು ಮುಗಿಸಬೇಕು.

ಹಿಂದೆ ಇದಕ್ಕೆ ಇನ್ನೊಂದು ದಾರಿಯೂ ಇತ್ತು. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ "ಹಣ ಕೊಡು" ಎಂಬ ಕೋರಿಕೆಯನ್ನು ಮೊಬೈಲಿನಲ್ಲಿ ಕಳುಹಿಸಬಹುದಾಗಿತ್ತು, ಅದನ್ನೇ ಹಣ ಬಂದ ಸೂಚನೆಯೆಂದು ತಿಳಿದು ಒಪ್ಪಿಗೆ ಒತ್ತಿ ಮೋಸಹೋದವರು ಬಹಳ. ೨೦೨೫ರ ಅಕ್ಟೋಬರ್ ೧ರಿಂದ ವ್ಯಕ್ತಿ-ವ್ಯಕ್ತಿಗಳ ನಡುವಿನ ಆ ಕೋರಿಕೆಯನ್ನು ರಾಷ್ಟ್ರೀಯ ಪಾವತಿ ನಿಗಮವು ನಿಲ್ಲಿಸಿಬಿಟ್ಟಿದೆ. ಒಳ್ಳೆಯ ಕೆಲಸ. ಆದರೆ ಒಂದು ಬಾಗಿಲು ಮುಚ್ಚಿದರೆ ಕಳ್ಳನು ಕಿಟಕಿ ಹುಡುಕುತ್ತಾನೆ. ಕ್ಯೂಆರ್ ಇದ್ದೇ ಇದೆ. ಬ್ಯಾಂಕಿನ ಸಂದೇಶದಂತೆಯೇ ಬರೆದ ಖೊಟ್ಟಿ ಸಂದೇಶ ಕಳುಹಿಸಿ, "ಒಂದು ಸೊನ್ನೆ ಹೆಚ್ಚಾಗಿ ಒತ್ತಿಬಿಟ್ಟೆ, ತಾಯಿಯ ಆಸ್ಪತ್ರೆಯ ಹಣ, ಉಳಿದದ್ದನ್ನು ದಯವಿಟ್ಟು ಹಿಂದಿರುಗಿಸಿ" ಎಂದು ಅಳುವವರಿದ್ದಾರೆ. ಸಂದೇಶವನ್ನಲ್ಲ, ಖಾತೆಯ ಶಿಲ್ಕನ್ನು ನೋಡಬೇಕು. ಸಹಾಯ ಮಾಡುತ್ತೇನೆಂದು ಹೇಳಿ, ನಮ್ಮ ಮೊಬೈಲಿನ ಪರದೆಯನ್ನು ತಾವು ಕುಳಿತಲ್ಲಿಂದಲೇ ನೋಡುವ ಆ್ಯಪನ್ನು ಹಾಕಿಸುವವರೂ ಇದ್ದಾರೆ. ಅಂಥದನ್ನು ಹಾಕಿಕೊಂಡರೆ ಬೀಗದ ಕೈಯನ್ನೇ ಕೊಟ್ಟಂತೆ.

ಹಣ ನಿಜವಾಗಿಯೇ ಬಂದರೂ ಇನ್ನೊಂದು ಅಪಾಯವುಂಟು, ಇದನ್ನು ಬಲ್ಲವರು ಕಡಿಮೆ. ಬೇರೆಲ್ಲೋ ಯಾರನ್ನೋ ವಂಚಿಸಿ ದೋಚಿದ ಹಣವನ್ನು ನಮ್ಮ ವಾದ್ಯಕ್ಕೆ ಬೆಲೆಯಾಗಿ ಕೊಟ್ಟಿದ್ದರೆ, ಆ ಹಣದ ಜಾಡು ಹಿಡಿದ ಪೊಲೀಸರ ಸೂಚನೆಯಂತೆ ಬ್ಯಾಂಕು ನಮ್ಮ ಖಾತೆಯಲ್ಲಿ ಅಷ್ಟು ಮೊತ್ತವನ್ನು, ಕೆಲವೊಮ್ಮೆ ಇಡೀ ಖಾತೆಯನ್ನೇ, ತಡೆಹಿಡಿಯುತ್ತದೆ. ನಾವು ನಿರಪರಾಧಿಗಳೆಂದು ತೋರಿಸಲು ಕಾಗದಪತ್ರ ಬೇಕಾಗುತ್ತದೆ. ಆದುದರಿಂದ ಮಾರಿದ ದಿನವೇ ಒಂದು ಹಾಳೆಯಲ್ಲಿ ವಾದ್ಯದ ವಿವರ, ಬೆಲೆ, ದಿನಾಂಕ, ಇಬ್ಬರ ಹೆಸರು ವಿಳಾಸ ಬರೆದು ಇಬ್ಬರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು. ಹಣ ಕಳುಹಿಸಿದ ಖಾತೆಯ ಹೆಸರೂ ಕೊಳ್ಳುವವರ ಹೆಸರೂ ಒಂದೇ ಆಗಿರಬೇಕು. ಹಿರಿಯರು ಎತ್ತಿನ ವ್ಯಾಪಾರಕ್ಕೂ ಚೀಟಿ ಬರೆಸುತ್ತಿದ್ದರು, ನಾವು ತಂಬೂರಿಗೆ ಬರೆಸಿದರೆ ನಾಚಿಕೆಯೇನು?

ಒಂದು ವೇಳೆ ಮೋಸ ನಡೆದೇಹೋದರೆ ಯಾರು ಬೈಯುತ್ತಾರೋ ಎಂದು ಅಳುಕುತ್ತ ಹೊತ್ತು ಕಳೆಯಬಾರದು. ೧೯೩೦ ಎಂಬ ರಾಷ್ಟ್ರೀಯ ಸಹಾಯವಾಣಿಗೆ ಆ ಕ್ಷಣವೇ ಕರೆ ಮಾಡಬೇಕು. ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ಹಾರಿ ನಗದಾಗುವ ಮೊದಲೇ ತಡೆಯಲು ಸಾಧ್ಯವಾಗುವುದು ಮೊದಲ ಗಂಟೆಗಳಲ್ಲಿಯೇ. ಬ್ಯಾಂಕಿಗೂ ಕೂಡಲೇ ತಿಳಿಸಬೇಕು. ರಿಸರ್ವ್ ಬ್ಯಾಂಕು ೨೦೧೭ರಲ್ಲಿ ಹೊರಡಿಸಿದ ಸೂಚನೆಯಂತೆ, ಗ್ರಾಹಕನು ತನ್ನ ಅಜಾಗರೂಕತೆಯಿಂದ ಗುಟ್ಟಿನ ಸಂಖ್ಯೆಯನ್ನು ಬಿಟ್ಟುಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ. ಮೇಲೆ ಹೇಳಿದ ಮನೆಯವರು ಮಾನಕ್ಕಂಜಿ ಮೂರು ದಿನ ಸುಮ್ಮನಿದ್ದರು. ಅಷ್ಟರಲ್ಲಿ ಎಲ್ಲವೂ ಕೈಮೀರಿತ್ತು.

ಇನ್ನು ವಾದ್ಯದ ವಿಚಾರಕ್ಕೆ ಬರೋಣ. ಕೊಳ್ಳುವವನು ಮೋಸಗಾರನಾಗಿರಬಹುದೆಂದು ಇಷ್ಟು ಹೇಳಿದೆವು, ಮಾರುವವನೂ ಅರಿಯದೆ ಮೋಸಗಾರನಾಗಬಹುದು. ಅಜ್ಜ ಹೇಳುತ್ತಿದ್ದರೆಂದು "ಅಸಲು ಜರ್ಮನ್ ರೀಡಿನ ಹಾರ್ಮೋನಿಯಂ" ಎಂದು ಜಾಹೀರಾತಿನಲ್ಲಿ ಬರೆಯುವವರನ್ನು ಕಂಡಿದ್ದೇವೆ. ಪೆಟ್ಟಿಗೆ ಬಿಚ್ಚಿ ನೋಡಿದವರಿಲ್ಲ. ನಡುವೆ ಯಾವಾಗಲೋ ದುರಸ್ತಿಯಾಗಿ ರೀಡು ಬದಲಾಗಿದ್ದರೆ? ಗುಜರಾತಿನ ಪಾಲಿತಾಣಾದಲ್ಲಿ ತಯಾರಾದ ರೀಡುಗಳೂ ಉತ್ತಮವಾದವೇ, ಆದರೆ ಅವನ್ನು ಜರ್ಮನಿಯದೆಂದು ಮಾರಿದರೆ ಅದು ಸುಳ್ಳು. ಬಲ್ಲ ದುರಸ್ತಿಗಾರನಿಂದ ಒಮ್ಮೆ ತೆಗೆಸಿ ನೋಡಿ, ಇದ್ದುದನ್ನು ಇದ್ದಂತೆ ಬರೆಯಬೇಕು. ತಿದಿಯನ್ನು ತುಂಬಿಸಿ, ಯಾವ ಪಟ್ಟಿಯನ್ನೂ ಒತ್ತದೆ ಬಿಟ್ಟು ನೋಡಿದರೆ, ಅದು ಬೇಗ ಕುಸಿದರೆ ಗಾಳಿ ಸೋರುತ್ತದೆಂದು ತಿಳಿಯುತ್ತದೆ. ಒಂದೊಂದೇ ಪಟ್ಟಿಯನ್ನು ಒತ್ತಿ ಎಲ್ಲ ಸ್ವರಗಳನ್ನೂ ಧ್ವನಿಮುದ್ರಿಸಿ ಕಳುಹಿಸುವುದು ಹತ್ತು ಚಿತ್ರಗಳಿಗಿಂತ ಹೆಚ್ಚು ಪ್ರಾಮಾಣಿಕ.

ತಬಲಾ ಮತ್ತು ತಂಬೂರಿಗಳಿಗೆ ಶ್ರುತಿಯ ಮಾತು ಮುಖ್ಯ. ಐದು ಇಂಚಿನ ಬಾಯಿಯ ತಬಲಾ ಮೇಲಿನ ಶ್ರುತಿಗೆ, ಆರು ಇಂಚಿನದು ಕೆಳಗಿನ ಶ್ರುತಿಗೆ. ಗಂಡಸರ ತಂಬೂರಿ ಕಪ್ಪು ಒಂದರ ಆಸುಪಾಸು ನಿಂತರೆ ಹೆಂಗಸರದು ಕಪ್ಪು ನಾಲ್ಕರ ಆಸುಪಾಸು ನಿಲ್ಲುತ್ತದೆ. ಇದನ್ನು ಬರೆಯದೆ "ತಂಬೂರಿ ಮಾರಾಟಕ್ಕಿದೆ" ಎಂದಷ್ಟೇ ಬರೆದರೆ, ಕೊಂಡ ಹೆಣ್ಣುಮಗಳೊಬ್ಬಳು ತನ್ನ ಕಂಠಕ್ಕೆ ಹೊಂದದ ವಾದ್ಯವನ್ನು ಹಿಂದಕ್ಕೆ ಕಳುಹಿಸುವ ಪ್ರಸಂಗ ಬರುತ್ತದೆ. ಜಗಳ ಹುಟ್ಟುವುದು ಇಲ್ಲಿಯೇ.

ನಮ್ಮ ಭಾಗದ ತಂಬೂರಿಗಳಲ್ಲಿ ಬಹುಪಾಲು ಮಿರಜದವು. ಅಲ್ಲಿಯ ಸಿತಾರು ತಂಬೂರಿಗಳಿಗೆ ೨೦೨೪ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಅದರ ಬುರುಡೆ ಎಂದರೆ ಒಣಗಿದ ಸೋರೆಯ ಕಾಯಿ, ಪಂಢರಪುರದ ಸೀಮೆಯಲ್ಲಿ ಬೆಳೆದದ್ದು. ನೋಡಲು ಗಟ್ಟಿ, ಒಂದು ಪೆಟ್ಟಿಗೆ ತತ್ತಿಯಂತೆ ಒಡೆಯುತ್ತದೆ. ಇದನ್ನು ಪಾರ್ಸೆಲಿನಲ್ಲಿ ಕಳುಹಿಸುವುದೆಂದರೆ ಎದೆ ಗಟ್ಟಿ ಬೇಕು. ತಂತಿಗಳ ಬಿಗುವನ್ನು ಇಳಿಸಿ, ಬುರುಡೆಗೆ ಸುತ್ತಲೂ ಹತ್ತಿ ಇಲ್ಲವೆ ಸ್ಪಂಜಿನ ದಿಂಬು ಕೊಟ್ಟು, ಕುತ್ತಿಗೆ ಅಲುಗಾಡದಂತೆ ಕಟ್ಟಿ, ಮರದ ಪೆಟ್ಟಿಗೆಯೊಳಗೆ ಇಡಬೇಕು. "ಒಡೆಯುವ ವಸ್ತು" ಎಂದು ಕೆಂಪಕ್ಷರದಲ್ಲಿ ಬರೆದರೆ ಸಾಲದು, ಲಾರಿಗೆ ಎಸೆಯುವವರು ಓದುವುದಿಲ್ಲ. ಸಾಗಣೆಯವರ ರಸೀದಿಯ ಹಿಂದೆ ಸಣ್ಣಕ್ಷರದಲ್ಲಿ ಅವರ ಹೊಣೆಗೆ ಮಿತಿ ಹಾಕಿರುತ್ತಾರೆ, ಅದನ್ನು ಓದಿ ವಿಮೆ ಮಾಡಿಸಬೇಕು. ಕಟ್ಟುವ ಮೊದಲು ವಾದ್ಯದ ಸ್ಥಿತಿಯನ್ನೂ ಕಟ್ಟುವ ಕ್ರಮವನ್ನೂ ವಿಡಿಯೊ ಮಾಡಿಟ್ಟುಕೊಂಡರೆ ಆಮೇಲಿನ ವಾದಕ್ಕೆ ಸಾಕ್ಷಿಯಾಗುತ್ತದೆ. ನಮ್ಮನ್ನು ಕೇಳಿದರೆ ತಂಬೂರಿಯನ್ನು ಪಾರ್ಸೆಲಿಗೆ ಹಾಕಲೇಬಾರದು. ಬೆಳಗಾವಿಯಿಂದ ಮಿರಜಕ್ಕೆ ರೈಲಿದೆ. ಕೈಯಲ್ಲಿ ಹಿಡಿದು ಅಲ್ಲಿಯ ಕಸುಬಿನವರ ಬಳಿಗೊಯ್ದರೆ ಜವಾರಿ ನೋಡಿ ನಿಜವಾದ ಬೆಲೆಯನ್ನೂ ಹೇಳಿಯಾರು.

ಹಳೆಯ ವೀಣೆ, ತಂಬೂರಿಗಳ ಮೇಲಿನ ಬಿಳಿಯ ಕುಸುರಿಯನ್ನು ಎಚ್ಚರದಿಂದ ನೋಡಬೇಕು. ಮೈಸೂರು ತಂಜಾವೂರುಗಳ ಹಳೆಯ ವೀಣೆಗಳಲ್ಲಿ ಅದು ಆನೆಯ ದಂತವಾಗಿರುವುದುಂಟು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ೧೯೮೬ರಲ್ಲಿ ಮಾಡಿದ ತಿದ್ದುಪಡಿಯಿಂದ ಭಾರತೀಯ ದಂತದ ವ್ಯಾಪಾರವೂ ೧೯೯೧ರ ತಿದ್ದುಪಡಿಯಿಂದ ಆಫ್ರಿಕದ ದಂತದ ವ್ಯಾಪಾರವೂ ನಿಷಿದ್ಧವಾಗಿವೆ. ಅಜ್ಜನ ಕಾಲದ್ದೆಂಬುದು ಸಮಾಧಾನವಾಗುವುದಿಲ್ಲ. ಒಡೆತನದ ಪ್ರಮಾಣಪತ್ರವಿದ್ದರೂ ಮಾರುವಂತಿಲ್ಲ. ದಂತದ ಕುಸುರಿಯ ವೀಣೆಯನ್ನು ಚಿತ್ರಸಮೇತ ಅಂತರ್ಜಾಲಕ್ಕೆ ಏರಿಸುವುದೆಂದರೆ ತನ್ನ ಮೇಲೆ ತಾನೇ ಸಾಕ್ಷಿ ನುಡಿದಂತೆ. ಜಿಂಕೆ ಕಡವೆಗಳ ಕೊಂಬಿನ ತುಣುಕು ಇರಬಹುದೆಂಬ ಸಂಶಯವಿದ್ದರೂ ಮೊದಲು ಅರಣ್ಯ ಇಲಾಖೆಯನ್ನು ವಿಚಾರಿಸುವುದು ಕ್ಷೇಮ.

ವಿದ್ಯುತ್ ಶ್ರುತಿಪೆಟ್ಟಿಗೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ೧೯೭೯ರಲ್ಲಿ ರೂಪಿಸಿದ ಇಲೆಕ್ಟ್ರಾನಿಕ್ ತಂಬೂರಿ ಸಾವಿರಾರು ಗಾಯಕರಿಗೆ ನೆರವಾಯಿತು. ಇಂದು ಅದೇ ನಾದ ಮೊಬೈಲಿನಲ್ಲಿಯೇ ದೊರೆಯುವುದರಿಂದ ಹಳೆಯ ಪೆಟ್ಟಿಗೆಗೆ ಹೆಚ್ಚಿನ ಬೆಲೆ ನಿರೀಕ್ಷಿಸುವುದು ವ್ಯರ್ಥ.

ಮಾರುವುದೇ ಆದರೆ ಕೊಳ್ಳುವವರು ಮನೆಗೆ ಬರಲಿ. ಒಂಟಿ ಹೆಂಗಸರೂ ವೃದ್ಧರೂ ಇರುವ ಮನೆಗೆ ಅಪರಿಚಿತರನ್ನು ಕರೆಯುವುದು ಸಲ್ಲದಿದ್ದರೆ ಊರಿನ ಸಂಗೀತ ಪಾಠಶಾಲೆಯಲ್ಲಿಯೋ ಭಜನೆ ನಡೆಯುವ ಜಾಗದಲ್ಲಿಯೋ ನಾಲ್ಕು ಜನರ ನಡುವೆ ಭೇಟಿಯಾಗಲಿ. ಕುಳಿತು ಒಂದು ಸ್ವರ ನುಡಿಸಲಿ, ತಂತಿ ಮೀಟಲಿ. ನುಡಿಸಲು ಬಲ್ಲವನ ಕೈ ವಾದ್ಯದ ಮೇಲೆ ಬಿದ್ದಾಗಲೇ ಅವನು ಯಾರೆಂಬುದು ಅರ್ಧ ತಿಳಿಯುತ್ತದೆ. ಕ್ಯೂಆರ್ ಕಳುಹಿಸುವ ವಂಚಕನು ಇಷ್ಟು ದೂರ ಬರುವುದಿಲ್ಲ.

ಹಣದ ಅಗತ್ಯ ಅಷ್ಟಾಗಿ ಇಲ್ಲದ ಮನೆಗಳಿಗೆ ಇನ್ನೊಂದು ದಾರಿಯುಂಟು. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು ೨೦೧೦ರಲ್ಲಿ ಲಿಂಗೈಕ್ಯರಾಗುವವರೆಗೆ ಬೆಳೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮತ್ತು ಬಡ ಮಕ್ಕಳು ಸಂಗೀತ ಕಲಿಯುತ್ತಾರೆ. ಇಂಥ ಕಡೆ ಒಯ್ಯುವ ಮೊದಲು ಅವರಿಗೆ ಬೇಕೇ ಎಂದು ಕೇಳಿ, ತಿದಿ ಕಟ್ಟಿಸಿ, ತಬಲಾಕ್ಕೆ ಹೊಸ ಪುಡಿ ಹಾಕಿಸಿ ಒಯ್ಯಬೇಕು. ಮುರಿದ ವಾದ್ಯವನ್ನು ದಾನವೆಂದು ಕೊಡುವ ಕೆಟ್ಟ ರೂಢಿಯೊಂದು ನಮ್ಮಲ್ಲಿದೆ. ಅದರ ದುರಸ್ತಿಯ ಖರ್ಚು ಪಡೆದವರ ತಲೆಗೆ ಬೀಳುತ್ತದೆ.

ವಾದ್ಯ ಕೈಬಿಟ್ಟ ದಿನವೇ ಜಾಹೀರಾತನ್ನು ತೆಗೆದುಹಾಕುವುದನ್ನು ಮರೆಯಬಾರದು. ಅದರಲ್ಲಿರುವ ಮೊಬೈಲ್ ಸಂಖ್ಯೆಗೆ ಆಮೇಲೂ ತಿಂಗಳುಗಟ್ಟಲೆ ಕರೆಗಳು ಬರುತ್ತಲೇ ಇರುತ್ತವೆ.