ಪುಟವಿನ್ಯಾಸದ ಬದಲಾವಣೆ ಮತ್ತು ವಚನಗಳ ಪಾಠಶುದ್ಧಿ

ತಾಳೆಯೋಲೆಗಳನ್ನು ಪ್ರತಿಮಾಡುವಾಗ ಲಿಪಿಕಾರನ ಕಣ್ಣು ತಪ್ಪಿ ಪಾಠ ಕೆಡುತ್ತಿದ್ದುದನ್ನು ಗ್ರಂಥಸಂಪಾದನೆಯ ವಿದ್ಯಾರ್ಥಿಗಳು ಬಲ್ಲರು. ಲಿಪಿಕಾರನೇ ಇಲ್ಲದ ಇಂದಿನ ಕಾಲದಲ್ಲಿಯೂ ಅಂತಹ ದೋಷಗಳು ತಲೆದೋರುತ್ತಿವೆ. ಗಣಕಯಂತ್ರದ ಒಂದು ಪುಟವಿನ್ಯಾಸ ತಂತ್ರಾಂಶದಿಂದ ಮತ್ತೊಂದಕ್ಕೆ ಗ್ರಂಥವನ್ನು ಸಾಗಿಸುವಾಗ ಅವು ಹುಟ್ಟುತ್ತವೆ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಯಲ್ಲಿಯೂ, ನಾಡಿನ ಉಳಿದೆಡೆಗಳಂತೆ, ಹಿಂದಿನ ದಶಕಗಳ ಪುಸ್ತಕಗಳೂ ಸ್ಮರಣಸಂಚಿಕೆಗಳೂ ಪೇಜ್‌ಮೇಕರ್ ಕಡತಗಳಾಗಿ ಉಳಿದಿವೆ. 1985ರಲ್ಲಿ ಹೊರಬಂದ ಈ ತಂತ್ರಾಂಶದ ಕೊನೆಯ ಆವೃತ್ತಿ 2001ರದು. ಅದರ ಸ್ಥಾನಕ್ಕೆ ಬಂದ ಇನ್‌ಡಿಸೈನ್‌ನ 2012ರ ಆವೃತ್ತಿ ಹಳೆಯ ಕಡತಗಳನ್ನು ತೆರೆಯಬಲ್ಲದು; ಅನಂತರದವು ತೆರೆಯಲಾರವು. ಆದರೆ ಕಡತ ತೆರೆದ ಮಾತ್ರಕ್ಕೆ ಕನ್ನಡ ಕೈಗೆ ಬಂದಿತೆಂದು ತಿಳಿಯಬಾರದು.

ಕಾರಣವಿಷ್ಟು. ನುಡಿಯಂತಹ ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಖಂಡಗಳನ್ನು ಕೂರಿಸಿದ್ದವು. ಅಲ್ಲಿ ‘ಧ’ ಎಂಬುದು ಒಂದಕ್ಷರವಲ್ಲ. ದಕಾರದ ಒಡಲು, ಮಹಾಪ್ರಾಣದ ಸೀಳುಗೀಟು, ತಲೆಕಟ್ಟು ಎಂಬ ಮೂರು ತುಂಡು. ಅರ್ಕಾವೊತ್ತು ಬರವಣಿಗೆಯಲ್ಲಿ ಕಾಣುವಂತೆ ಅಕ್ಷರದ ಹಿಂದುಗಡೆ ನಿಲ್ಲುತ್ತಿತ್ತು. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತ ಯೂನಿಕೋಡಾದರೋ ಉಚ್ಚಾರದ ಕ್ರಮವನ್ನು ಹಿಡಿಯುತ್ತದೆ. ಅಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕವು ತುಂಡುಗಳನ್ನು ಕೂಡಿಸಿ, ಕ್ರಮವನ್ನೂ ತಿದ್ದಬೇಕು. ಫಾಂಟಿನ ಕೋಷ್ಟಕ ತಪ್ಪಿತೋ, ‘ಧರ್ಮ’ದ ರಕಾರ ಹಾರಿ ‘ಧಮ’ವಾದೀತು, ಅರ್ಪಿತ ‘ಅಪಿತ’ವಾದೀತು. ಇವು ಕಣ್ಣಿಗೆ ಬೀಳುವ ತಪ್ಪುಗಳು. ಸೀಳುಗೀಟೊಂದು ಕಳೆದು ತನು ಮನ ಧನಗಳಲ್ಲಿಯ ಧನ ‘ದನ’ವಾದರೆ? ಅದೂ ನಿಘಂಟಿನಲ್ಲಿರುವ ಶಬ್ದವೇ! ಕಾಗುಣಿತ ನೋಡುವ ಯಂತ್ರ ಸುಮ್ಮನಿರುತ್ತದೆ. ಮುಂದಿನ ಸಂಶೋಧಕನು ಅದನ್ನೊಂದು ಪಾಠಾಂತರವೆಂದೇ ಎಣಿಸಿಯಾನು.

ಸಾಲುಗಳ ವಿಷಯವೂ ಹಾಗೆಯೇ. ಸೋಂದೆಯಲ್ಲಿ ಆಳಿದ ಸದಾಶಿವರಾಯನ ಸ್ವರವಚನಗಳಂತಹ ಹಾಡುಗಬ್ಬಗಳಲ್ಲಿ ಪಲ್ಲವಿ, ನುಡಿ, ರಾಗತಾಳಗಳ ಸೂಚನೆಗಳಿಗೆ ತಮ್ಮದೇ ಎಡೆಯುಂಟು. ಹಿಂದೆ ಬೆರಳಚ್ಚು ಮಾಡಿದವರು ಪ್ರತಿ ಸಾಲಿನ ಕೊನೆಗೂ ಎಂಟರ್ ಒತ್ತಿದ್ದರೆ, ಪುಟದ ಅಳತೆ ಬದಲಾದೊಡನೆ ನುಡಿಯ ನಡುವೆಯೇ ಸಾಲು ಮುರಿಯುತ್ತದೆ.

ಆದಕಾರಣ ಮೂಲ ಕಡತವನ್ನು ಮುಟ್ಟದೆ ಕಾದಿಟ್ಟು, ಅದರ ಪ್ರತಿಯ ಒಂದೆರಡು ಪುಟಗಳನ್ನು ಮೊದಲು ಪರಿವರ್ತಿಸಿ ನೋಡುವುದು ಕ್ಷೇಮ. ಅರ್ಕಾವೊತ್ತು, ಮಹಾಪ್ರಾಣ, ದೀರ್ಘ, ಒತ್ತಕ್ಷರಗಳು ಹೇರಳವಾಗಿರುವ ಪುಟಗಳನ್ನೇ ಆರಿಸಬೇಕು. ಹೊಸ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಜೋಡಣೆಯನ್ನು ಆಯ್ದಿರದಿದ್ದರೆ ಸರಿಯಾದ ಪಾಠವೂ ಒಡೆದು ಕಾಣುವುದುಂಟು. ಆಗ ಅಕ್ಷರವನ್ನು ತಿದ್ದಹೋಗಬಾರದು. ಬಳಿಕ ಇಬ್ಬರು ಕುಳಿತು, ಒಬ್ಬರು ಅಚ್ಚಾದ ಹಳೆಯ ಪುಸ್ತಕವನ್ನು ಗಟ್ಟಿಯಾಗಿ ಓದುತ್ತ, ಇನ್ನೊಬ್ಬರು ಹೊಸ ಕರಡನ್ನು ನೋಡುತ್ತ ಹೋಗಬೇಕು. ಅಂಕಿತಗಳನ್ನು ಬೇರೆಯಾಗಿ ಇನ್ನೊಮ್ಮೆ ನೋಡುವುದು ಲೇಸು. ಅಕಾರಾದಿಯ ಪುಟಸಂಖ್ಯೆಗಳನ್ನಂತೂ ಕಟ್ಟಕಡೆಗೆ, ಪುಟಗಳು ನೆಲೆನಿಂತ ಮೇಲೆಯೇ ಹೊಸದಾಗಿ ಬರೆಯತಕ್ಕದ್ದು.